ಉಸಿರಿಲ್ಲದ ಹಾಡು

ಒಂಬತ್ತನೆಯ ಕಂತು

"ಇದು ನಮ್ಮವರ ಧ್ವನಿ ಅಲ್ಲರಿ."

ಮುಮತಾಜಬಿ ಕಿವಿಯ ಹೆಡ್‌ಫೋನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಜಾರಿದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ಖಾಲಾ, ಅದೇ ಕಾಸೆಟ್ಟು, ಅದೇ ಮನಷ್ಯಾ," ಎಂದ ಅಯಾಜ. "ಹಳೇ ಟೇಪಿನಾಗ ಹಂಚಿನ ಮ್ಯಾಲ ನೀರ ಚೆಲ್ಲಿದಂಗ ಸುಸ್ಸ್ ಅಂತ ಒಂದ ಸಪ್ಪಳ ಇರ್ತೈತಲ್ಲ, ಅದನ್ನ ತಗದೀನಿ ಅಷ್ಟ. ಕಸಾ ಹೋತು. ಈಗ ಎಷ್ಟ ಸ್ವಚ್ಛ ಅದ ನೋಡ್ರಿ."

"ಸ್ವಚ್ಛ ಅದ. ಉಸರ ಇಲ್ಲ."

"ಉಸರು?"

"ಅವರು ಒಂದ ಸಾಲ ಹಾಡಿದ್ರ ಎದಿ ಗೊರ್ರ್ ಅಂತಿತ್ತು. ಮಗ್ಗದ ಧೂಳ ಕುಡದ ಎದಿ. ಆಮ್ಯಾಲ ಇನ್ನೊಂದ ಸಾಲ ಹಾಡತಿದ್ರು. ಇದರಾಗ ಗೊರ್ರ್ ಇಲ್ಲ. ನೀರಾಗ ಮುಳುಗಿ ಕುಂತು ಹಾಡಿದಂಗ ಕೇಳ್ತೈತಿ. ಉಸರ ಇಲ್ಲದ ಮನಷ್ಯಾ ಹ್ಯಾಂಗ ಹಾಡ್ತಾನಪಾ?"

ರೋಣದ ಬಸ್ ನಿಲ್ದಾಣದ ಎದುರಿನ ಆ ಸ್ಟುಡಿಯೊದಲ್ಲಿ ಅಯಾಜ ಮದುವೆಯ ವಿಡಿಯೊ ಮಾಡುತ್ತಿದ್ದ, ಹಳೆಯ ಕ್ಯಾಸೆಟ್ಟುಗಳ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತಿದ್ದ. ಗಜೇಂದ್ರಗಡದ ನೇಕಾರ ಮೌಲಾಸಾಬ ಮೊಹರಂನಲ್ಲಿ ಹಾಡುತ್ತಿದ್ದ ರಿವಾಯತ್ ಪದಗಳು ಒಂದೇ ಒಂದು ಕ್ಯಾಸೆಟ್ಟಿನಲ್ಲಿ ಉಳಿದಿದ್ದವು. ಮೌಲಾಸಾಬ ಈಗ ಇಲ್ಲ. ಹೆಂಡತಿ ಮುಮತಾಜಬಿ ತಂದುಕೊಟ್ಟ ಆ ಕ್ಯಾಸೆಟ್ಟು ಇದೇ ಮೇಜಿನ ಮೇಲಿಂದ ಕಳುವಾಗಿ ವಾರ ಕಳೆದಿತ್ತು. ಮೊದಲು ಇಳಿಸಿಕೊಂಡದ್ದನ್ನು ಅಯಾಜ, ಜಾಗ ಸಾಲದೆಂದು, ಅಳಿಸಿಬಿಟ್ಟಿದ್ದ. ಉಳಿದದ್ದು ಈ ಸ್ವಚ್ಛವಾದ ಹಾಡು ಮಾತ್ರ.

ಬಾಗಿಲ ಬಳಿಯ ಸ್ಟೂಲಿನ ಮೇಲೆ ನಿರ್ಮಲಾ ಕುಳಿತಿದ್ದಳು. ರೋಣದ ಡಿಪೋದಲ್ಲಿ ಬಸ್ ಕಂಡಕ್ಟರಾಗಿದ್ದವಳು ಅವಳು. ಬಸ್ಸಿನಲ್ಲಿ ಕಳೆದುಹೋದ ಚೀಲ, ಚಪ್ಪಲಿ, ಒಮ್ಮೊಮ್ಮೆ ಮಕ್ಕಳನ್ನೂ ಹುಡುಕಿಕೊಟ್ಟ ಹೆಸರು ನಿವೃತ್ತಿಯ ನಂತರವೂ ಅವಳನ್ನು ಬಿಟ್ಟಿರಲಿಲ್ಲ. ಪೊಲೀಸರ ಹತ್ತಿರ ಹೋಗಲು ಮನಸ್ಸಿಲ್ಲದವರು ಅವಳ ಮನೆಗೆ ಬರುತ್ತಿದ್ದರು.

ಅವಳು ಒಂದು ಸಂಗತಿ ಗಮನಿಸಿದ್ದಳು. ಹಾಡು ನಡೆಯುತ್ತಿದ್ದಾಗ ಮುಮತಾಜಬಿ ಸುಮ್ಮನೆ ಕುಳಿತಿದ್ದರು. ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಬರಿದಾದ ಜಾಗ ಬಂದಾಗ ಕಣ್ಣು ಮುಚ್ಚಿ, ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು.

ಏನೂ ಇಲ್ಲದ ಕಡೆ ಮನುಷ್ಯರು ಅಷ್ಟು ಗಮನವಿಟ್ಟು ಕೇಳುವುದಿಲ್ಲ.

ನಿರ್ಮಲಾ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಎದ್ದಳು.

"ಅಯಾಜ, ಕಾಸೆಟ್ಟ ಹೋದ ದಿನದಿಂದ ಈ ಮೇಜ ಝಾಡಿಸಿಯೇನು?"

"ಇಲ್ಲರಿ ಅಕ್ಕಾರ. ಮುಟ್ಟಬ್ಯಾಡ ಅಂದಿದ್ರೆಲ್ಲ."

"ಶ್ಯಾಣ್ಯಾ. ಮುಟ್ಟಬ್ಯಾಡ ಅಂದ್ರ ನೀ ಜಳಕಾನೂ ಬಿಟ್ಟೀ."

ಮುಮತಾಜಬಿಯ ತುಟಿಯಲ್ಲಿ ನಗೆ ಮೂಡಿ ಮಾಯವಾಯಿತು. ನಿರ್ಮಲಾ ಬಗ್ಗಿ, ವೈರುಗಳ ಸಿಕ್ಕಿನಿಂದ ಕಡಲೆ ಕಾಳಿನಷ್ಟು ದೊಡ್ಡ ಏನನ್ನೋ ಹೆಕ್ಕಿ ಅಂಗೈ ಮೇಲಿಟ್ಟಳು. ಕೆಂಪು ನೂಲಿನ ಉಂಡೆ. ಬಿಗಿಯಾಗಿ ಸುತ್ತಿ ಗಟ್ಟಿಯಾಗಿತ್ತು.

"ಅದು ನಮ್ಮವರು ತುರಕಿದ್ದು," ಎಂದರು ಮುಮತಾಜಬಿ ತಕ್ಷಣ. "ಕಾಸೆಟ್ಟಿನ ಬೆನ್ನಿನ ಕಿಂಡಿಗೆ."

ಅಯಾಜ ಬಿಡಿಸಿ ಹೇಳಿದ. ಕ್ಯಾಸೆಟ್ಟಿನ ಬೆನ್ನಿಗೆ ಸಣ್ಣ ಕಿಂಡಿಗಳಿರುತ್ತವೆ, ಒಂದೊಂದು ಮಗ್ಗುಲಿಗೆ ಒಂದೊಂದು. ಅದರ ಮುಚ್ಚಳ ಮುರಿದರೆ ಅದರ ಮೇಲೆ ಮತ್ತೆ ಯಾರೂ ತುಂಬಲಾರರು, ಇದ್ದದ್ದು ಭದ್ರ. ಮತ್ತೆ ತುಂಬಬೇಕೆಂದರೆ ಕಿಂಡಿಗೆ ಏನಾದರೂ ತುರುಕಬೇಕು. ಎಲ್ಲರೂ ಕಾಗದ ತುರುಕುತ್ತಿದ್ದರು. ನೇಕಾರ ನೂಲು ತುರುಕಿದ್ದ.

ನಿರ್ಮಲಾ ಉಂಡೆಯನ್ನು ಬೆರಳಲ್ಲಿ ಹೊರಳಿಸಿದಳು.

"ಕದ್ದಾವ ಇದನ್ನ ಕಿತ್ತ ಇಲ್ಲೇ ಒಗದಾನ. ಹಾಳ ಮಾಡಬೇಕನ್ನಾವ ಕೀಳಂಗಿಲ್ಲ. ಮಾರಬೇಕನ್ನಾವನೂ ಕೀಳಂಗಿಲ್ಲ. ಇನ್ನೊಮ್ಮಿ ಯಾರೂ ಇದರ ಮ್ಯಾಲ ತುಂಬಬಾರದು ಅನ್ನಾವ ಕೀಳ್ತಾನ. ಕೈಯಾಗ ಬಂದ ಕೂಡಲೇ, ಬೀದಿಗೆ ಇಳಿಯೂಕಿಂತ ಮೊದಲ ಕಿತ್ತಾನ. ಅಂದ್ರ ಒಮ್ಮಿ ಸುಟಗೊಂಡಾವ." ಅವಳು ತಿರುಗಿದಳು. "ಮುಮತಾಜಕ್ಕಾ, ಈ ಕಾಸೆಟ್ಟಿನ ಮ್ಯಾಲ ತುಂಬಿದ್ದಕ್ಕ ಸಿಟ್ಟಾದವರು ಯಾರರ ಇದ್ರೇನು?"

ಮುಮತಾಜಬಿ ಮಡಿಲಿನ ಹೆಡ್‌ಫೋನನ್ನು ಮೇಜಿನ ಮೇಲಿಟ್ಟರು.

"ನರಗುಂದದ ಪ್ರಭುಲಿಂಗಪ್ಪ ಸಾವ್ಕಾರ್ರು. ಕಾಸೆಟ್ಟ ಮೊದಲ ಅವರದ."

ಅಯಾಜ ಹಣೆ ಚಚ್ಚಿಕೊಂಡ. "ಅರಿವಿ ಅಂಗಡಿ ಸಾವ್ಕಾರ್ರು? ಮಗನ ಮದುವಿ ವಿಡಿಯೊ ಒಯ್ಯಾಕ ಅವತ್ತ ಬಂದಿದ್ರು. ಈ ಕಾಸೆಟ್ಟ ಇಳಿಸೂ ಮುಂದ ಇಲ್ಲೇ ಕುಂತಿದ್ರು. ಚಾ ಕೊಟ್ಟೆ, ಕುಡೀಲೇ ಇಲ್ಲ."

"ಟೇಪ ಡೆಕ್ಕ ತಗೋ," ಎಂದಳು ನಿರ್ಮಲಾ. "ನಿನ್ನ ಕಂಪ್ಯೂಟರನೂ ತಗೋ."

"ಎಲ್ಲಿಗ್ರಿ?"

"ನರಗುಂದಕ್ಕ. ಕಾಸೆಟ್ಟ ಸಿಕ್ಕಲ್ಲೇ ಕೇಳೂಣು. ಅದನ್ನ ಮತ್ತ ಹೊತಗೊಂಡು ತಿರಗೂದ ಬ್ಯಾಡ."

*

ಬಸ್ಸಿನಲ್ಲಿ ಟೇಪ್ ಡೆಕ್ಕನ್ನು ನಿರ್ಮಲಾ ತೊಡೆಯ ಮೇಲಿಟ್ಟುಕೊಂಡಳು. ಹೆಸರು ಬಿತ್ತಿದ ಎರೆಹೊಲಗಳು ಕಿಟಕಿಯ ಹೊರಗೆ ಹಸಿರು ಗೆರೆ ಗೆರೆಯಾಗಿ ಹಿಂದೆ ಸರಿಯುತ್ತಿದ್ದವು.

ಪಕ್ಕದಲ್ಲಿ ಮುಮತಾಜಬಿ. ಅವರು ಎಂದಿನಂತೆ ಬಾಗಿಲಿನ ಹಿಂದಿನ ಸೀಟೇ ಹಿಡಿದಿದ್ದರು. ನಿರ್ಮಲಾ ಗಜೇಂದ್ರಗಡದ ಕಡೆ ಹೋಗುವ ಬಸ್ಸಿನಲ್ಲಿದ್ದ ವರ್ಷಗಳಲ್ಲಿ, ಪ್ರತಿ ಅಮಾಸೆಗೆ ಇವರು ಗಂಟು ಕಟ್ಟಿದ ಬುತ್ತಿ ಹಿಡಿದು ಇದೇ ಸೀಟಿನಲ್ಲಿ ಕುಳಿತು ಲಕ್ಕಲಕಟ್ಟಿಗೆ ಟಿಕೆಟ್ ತೆಗೆಸುತ್ತಿದ್ದರು. ಅಲ್ಲಿ ಯಾರಿದ್ದಾರೆ ಎಂದು ನಿರ್ಮಲಾ ಕೇಳಿದವಳಲ್ಲ. ಕಂಡಕ್ಟರು ಊರಿನ ಹೆಸರು ಕೇಳಬೇಕು, ಚಿಲ್ಲರೆ ಕೇಳಬೇಕು, ಅದಕ್ಕಿಂತ ಹೆಚ್ಚಿನದನ್ನು ಕೇಳಬಾರದು.

"ಬಾಯಾರ," ಎಂದರು ಮುಮತಾಜಬಿ, "ಸಾವ್ಕಾರ್ರಿಗೆ ಮಂದಿ ಮುಂದ ಏನೂ ಅನಬ್ಯಾಡ್ರಿ. ಒಂದ ಕಾಲಕ್ಕ ನಮ್ಮ ಮನ್ಯಾಗ ಉಂಡ ಹೋಗತಿದ್ರು."

"ಕದ್ದವರು ಅವರ. ಹೆದರತೀರಿ ನೀವು."

"ಹೆದರಿಕಿ ಅಲ್ಲರಿ."

ಅಷ್ಟೇ ಅಂದು ಕಿಟಕಿಯ ಕಡೆ ತಿರುಗಿದರು.

*

ಪ್ರಭುಲಿಂಗಪ್ಪ ಗಾದಿಯ ಮೇಲೆ ಕುಳಿತು ಜಂಪರ್ ಬಟ್ಟೆ ಅಳೆಯುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಅರ್ಧ ಕರಗಿತ್ತು.

"ಬರ್ರಿ, ಬರ್ರಿ. ಏನ ತೋರಸಲಿ?"

ನಿರ್ಮಲಾ ಕೆಂಪು ಉಂಡೆಯನ್ನು ಬಟ್ಟೆಯ ಮೇಲಿಟ್ಟಳು.

"ನೀವು ರೋಣದಾಗ ಬಿಟ್ಟ ಬಂದದ್ದು. ಕೊಟ್ಟ ಹೋಗೂಣಂತ ಬಂದ್ವಿ."

ಅಳತೆಯ ಕೋಲು ನಿಂತಿತು.

"ನಾ ನೂಲ ಮಾರಂಗಿಲ್ಲ, ತಂಗಿ."

"ಗೊತ್ತೈತ್ರಿ. ನೀವು ಮಾರಂಗಿಲ್ಲ. ಕೀಳ್ತೀರಿ."

ಅವರು ಅಂಗಡಿಯ ಆಳಿನ ಕಡೆ ನೋಡಿದರು, ಬೀದಿಯ ಕಡೆ ನೋಡಿದರು. ಆಗ ಕಂಡದ್ದು, ಮೆಟ್ಟಿಲ ಕೆಳಗೆ ಸೆರಗು ಹೊದ್ದು ನಿಂತಿದ್ದ ಮುಮತಾಜಬಿ. ಮೇಲೆ ಹತ್ತಿರಲಿಲ್ಲ.

ಪ್ರಭುಲಿಂಗಪ್ಪನವರ ಮುಖದ ಬಿಗಿ ಒಮ್ಮೆಲೇ ಸಡಿಲವಾಯಿತು.

"ಭಾಬಿ," ಎಂದರು. "ಬಿಸಲಾಗ ಯಾಕ ನಿಂತೀರಿ? ಮ್ಯಾಲ ಬರ್ರಿ."

"ನೀವ ಇಳಿ ಅಂದಿದ್ರಿ, ಸಾವ್ಕಾರ್ರ. ಅವರಿಗೆ ಅಂದದ್ದು ನನಗೂ ಅಂದಂಗ."

"ಅವತ್ತ ಅಂದಿದ್ದೆ. ಇವತ್ತ ಬರ್ರಿ ಅಂತೀನಿ."

ಅಂಗಡಿಯ ಹಿಂದೆಯೇ ಮನೆ. ಒಳಕೋಣೆಗೆ ಎಲ್ಲರನ್ನೂ ಕರೆದೊಯ್ದು ಬಾಗಿಲು ಮುಂದೆ ಮಾಡಿದರು. ದೇವರ ಜಗಲಿಯ ಮೇಲೆ, ತೀರಿಹೋದ ತಾಯಿಯ ಫೋಟೊದ ಹಿಂದಿನಿಂದ, ಕೈವಸ್ತ್ರದಲ್ಲಿ ಸುತ್ತಿದ್ದ ಕ್ಯಾಸೆಟ್ಟು ತೆಗೆದು ನೆಲದ ಮೇಲಿಟ್ಟರು.

"ನಾನ ಕದ್ದೀನಿ. ಈ ವಯಸ್ಸಿನಾಗ, ಅಂಗಿ ಕಿಸೇದಾಗ ಹಾಕ್ಕೊಂಡು. ಬಸ್ಸ ಹತ್ತೂಮಟಾ ಎದಿ ಡಬಡಬ ಅಂತಿತ್ತು."

"ಕೇಳಿದ್ದರ ನಾನ ಕೊಡತಿದ್ದೆ," ಎಂದರು ಮುಮತಾಜಬಿ.

"ಯಾವ ಬಾಯಿಲೆ ಕೇಳಲಿ?"

ಪ್ರಭುಲಿಂಗಪ್ಪ ಗೋಡೆಗೆ ಒರಗಿ ಕುಳಿತರು.

"ಇದರಾಗ ನಮ್ಮವ್ವನ ಹಾಡ ಇದ್ವು. ಕುಟ್ಟೂ ಹಾಡು, ಬೀಸೂ ಹಾಡು. ಅಕಿ ತೀರಿಕೊಂಡ ಮ್ಯಾಲ ಮೌಲಾ ಬಂದ. ಒಬ್ಬರು ಕೇಳಬೇಕಂತಾರ, ನಾಕ ದಿನಾ ಕೊಡು ಅಂದ. ಯಾರು ಅಂದೆ. ಆಮ್ಯಾಲ ಹೇಳ್ತೀನಿ ಅಂದ. ಕೊಟ್ಟೆ. ತಿರಗಿ ತಂದು, 'ಪ್ರಭಣ್ಣಾ, ಒಬ್ಬನ ಕುಂತ ಕೇಳು' ಅಂದ. ಹಾಕಿದೆ. ಅವ್ವ ಇರೂ ಜಾಗಾದಾಗ ಮಗ್ಗದ ಸಪ್ಪಳ. ಖಟಕ್ ಖಟಕ್ ಖಟಕ್. ಅಷ್ಟ. ಮುಂದ ಕೇಳಾಕ ಮನಸ್ಸಾಗಲಿಲ್ಲ. ಕಾಸೆಟ್ಟ ತಗದು ಮೆಟ್ಟಲ ಮ್ಯಾಲ ಒಗದೆ. ಅದನ್ನ ಆರಿಸಿಕೊಂಡು ಇಳದ ಹೋದಾವ ಮತ್ತ ಬರಲಿಲ್ಲ. ಅವನ ಮಣ್ಣಿಗೂ ನಾ ಹೋಗಲಿಲ್ಲ."

ಅಂಗಡಿಯ ಕಡೆಯಿಂದ ಆಳು ಬಟ್ಟೆ ಹರಿಯುವ ಸದ್ದು ಬಂತು.

"ಮತ್ತ ಈಗ ಯಾಕ ಕದ್ರಿ?" ಎಂದಳು ನಿರ್ಮಲಾ.

"ಅವತ್ತ ರೋಣದಾಗ ಇವಾ ಇದನ್ನ ಹಾಕಿದ್ದ. ಮೌಲಾನ ಹಾಡು. ಹಾಡಿನ ನಡುವ, ತಳದಾಗ, ಒಂದು ಹೆಣ್ಣ ಧ್ವನಿ ಬಂತು. ನಮ್ಮವ್ವಂದು. ಖರೇ ಹೇಳ್ತೀನಿ, ನಮ್ಮವ್ವಂದ. ಏನಪಾ ಅದು ಅಂತ ಇವಗ ಕೇಳಿದೆ." ಅವರು ಅಯಾಜನನ್ನು ನೋಡಿದರು. ಕೋಪದಿಂದೇನೂ ಅಲ್ಲ. "ಕಸಾ ಐತ್ರಿ ಸಾವ್ಕಾರ್ರ, ತಗದ ಒಗೀತೀನಿ ಅಂದ."

ಅಯಾಜ ತಲೆ ತಗ್ಗಿಸಿದ. "ಅಂದಿದ್ದೆ. ಒಗದೂ ಬಿಟ್ಟೆ."

"ಅದಕ್ಕ ಕದ್ದೆ. ಮನ್ಯಾಗಿನ ಹಳೇ ಟೇಪಿಗೆ ಹಾಕಿದ್ರ ಪಟ್ಟಿ ಜಗ್ಯಾಕ ಹತ್ತಿತು. ಹೆದರಿ ತಗದೆ. ಅವ್ವನ ಹಿಂದ ಇಟ್ಟು ಕುಂತೀನಿ."

*

ಅಯಾಜ ಡೆಕ್ಕನ್ನು ಬಿಚ್ಚಿದ. ಹತ್ತಿಗೆ ಸ್ಪಿರಿಟ್ ಹಚ್ಚಿ, ಪಟ್ಟಿ ತಾಗುವ ಹೆಡ್ಡನ್ನು ಒರೆಸಿದ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಕ್ಯಾಸೆಟ್ಟು ಹಾಕಿ ಗುಂಡಿ ಒತ್ತಿದ.

ಮೊದಲು ಸುಸ್ಸ್ ಎಂಬ ಸಪ್ಪಳ. ಮಂಕಾಗಿ, ಕಂಬಳಿಯ ಹಿಂದಿನಿಂದ ಬಂದಂತೆ ಒಂದು ಗಂಡು ಧ್ವನಿ. ಅಯಾಜ ಸಣ್ಣ ತಿರುಪುಳಿ ಹಿಡಿದು ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದ. ಕಂಬಳಿ ಸರಿದಂತಾಯಿತು. ಕರ್ಬಲದ ದುಃಖದ ಒಂದು ಸಾಲು ಕೋಣೆಯ ತುಂಬ ಎದ್ದಿತು.

ಸಾಲು ಮುಗಿಯಿತು. ಗೊರ್ರ್ ಎಂದಿತು ಎದೆ.

"ಹಾಂ," ಎಂದರು ಮುಮತಾಜಬಿ. "ಬಂದ್ರು."

ಅವರು ಅಳಲಿಲ್ಲ. ಎರಡನೆಯ ಸಾಲಿಗೆ ಮುಂಚೆ ತಾವೂ ಅದೇ ಜಾಗದಲ್ಲಿ ಉಸಿರೆಳೆದುಕೊಂಡರು. ಮೂರನೆಯದಕ್ಕೂ ಹಾಗೆಯೇ. ಮಗ್ಗದ ಎದುರು ಕುಳಿತು ಜೊತೆಗೆ ಬದುಕಿದವರಿಗೆ ಮಾತ್ರ ಬರುವ ಹೊಂದಿಕೆ ಅದು. ಪ್ರಭುಲಿಂಗಪ್ಪ ಮುಖ ತಿರುಗಿಸಿ ಕೈವಸ್ತ್ರ ಹುಡುಕಿದರು. ಅದು ನೆಲದ ಮೇಲಿತ್ತು. ನಿರ್ಮಲಾ ಎತ್ತಿ ಅವರ ಕೈಗೆ ಕೊಟ್ಟಳು.

"ಈ ಸಲ ಏನೂ ತಗೀಬ್ಯಾಡ," ಎಂದಳು ಅಯಾಜನಿಗೆ. "ಇದ್ದಂಗ ಇಳಸು. ಸುಸ್ಸ್ ಅನ್ನಲಿ, ಗೊರ್ರ್ ಅನ್ನಲಿ."

"ಇಳಸಾಕ ಹತ್ತೀನ್ರಿ."

ಹಾಡು ಮುಗಿಯಿತು. ಬರಿದಾದ ಜಾಗ ಬಂತು. ಸುಸ್ಸ್ ಎಂಬುದರ ತಳದಲ್ಲಿ ಏನೋ ಅಲುಗಿತು. ಹೆಣ್ಣು ಧ್ವನಿಯೇ. ಮಾತು ತಿಳಿಯಲಿಲ್ಲ.

ಪ್ರಭುಲಿಂಗಪ್ಪ ಮೊಣಕಾಲೂರಿ ಮುಂದೆ ಬಂದರು. "ಅದ. ಅದ."

"ಮೌಲಾಚಾಚಾನ ರೆಕಾರ್ಡರಿನಾಗ ಹಳೇದನ್ನ ಅಳಸೂ ಹೆಡ್ಡ ಸವದಿರಬೇಕ್ರಿ," ಎಂದ ಅಯಾಜ. "ಹೊಸಾ ಹಾಡ ತುಂಬೈತಿ, ಹಳೇದು ಪೂರಾ ಅಳದಿಲ್ಲ. ತಳದಾಗ ಉಳದೈತಿ. ನಾ ಸುಸ್ಸ್ ಅನ್ನೂದನ್ನ ತಗಿಯೂ ಮುಂದ ಅದರ ಜೋಡಿ ಇದೂ ಹೋತು."

"ತಗದು ಎಲ್ಲಿ ಹಾಕ್ತೈತಿ ಕಂಪ್ಯೂಟರು?" ಎಂದಳು ನಿರ್ಮಲಾ.

"ಎಲ್ಲೂ ಹಾಕಂಗಿಲ್ರಿ ಅಕ್ಕಾರ. ಒಗದ ಬಿಡ್ತೈತಿ." ಅವನು ತಡೆದ. "ಆದ್ರ ಉಲ್ಟಾ ಹೇಳಬೌದು. ಹಾಡ ಒಗಿ, ಕಸಾ ಇಟ್ಟುಕೋ ಅಂತ. ಆ ಗುಂಡಿ ನಾ ಎಂದೂ ಒತ್ತಿಲ್ಲ. ಕಸಾ ಯಾರಿಗೆ ಬೇಕ್ರಿ?"

"ಬಸ್ಸಿನಾಗ ಕಳದದ್ದೆಲ್ಲಾ ನನಗ ಸಿಕ್ಕದ್ದು ಕಸಬರಿಗಿ ಮುಂದನ," ಎಂದಳು ನಿರ್ಮಲಾ. "ಒತ್ತು."

ಅವಳ ಕಣ್ಣು ಮುಮತಾಜಬಿಯ ಮೇಲಿತ್ತು. ಮುಮತಾಜಬಿ ಕಣ್ಣು ಮುಚ್ಚಿದ್ದರು, ರೋಣದಲ್ಲಿ ಮುಚ್ಚಿದಂತೆಯೇ.

ಮೌಲಾಸಾಬನ ಹಾಡು ದೂರ ಸರಿಯಿತು. ಉಳಿದದ್ದು ಸುಸ್ಸ್. ಅದರೊಳಗೆ ಖಟಕ್ ಖಟಕ್ ಎಂದು ಮಗ್ಗ. ಮಗ್ಗ ನಿಂತಿತು. ಮೌಲಾಸಾಬನ ಧ್ವನಿಯೇ, ಸಣ್ಣದಾಗಿ, ಮೆಲ್ಲಗೆ ಹೇಳಿತು:

"ಮಗ್ಗ ನಿಲ್ಲಿಸೀನವಾ. ಗಟ್ಟ್ಯಾಗಿ ಹೇಳು. ನಿಮ್ಮಣ್ಣ ಕೇಳಬೇಕು."

ಹೆಣ್ಣು ಧ್ವನಿ ನಕ್ಕಿತು. ನಾಚಿ, ಗಂಟಲು ಸರಿ ಮಾಡಿಕೊಂಡಿತು. ಮದುವೆಯಲ್ಲಿ, ಸೀಮಂತದಲ್ಲಿ ಹೆಂಗಸರು ಗಂಡನ ಹೆಸರನ್ನು ಸೇರಿಸಿ ಹೇಳುವ ಒಡಪು ಅದು. ಗಂಡನ ಹೆಸರು ಬಾಯಿಬಿಟ್ಟು ಹೇಳದವಳು ಅದನ್ನು ಹೇಳುವುದು ಒಡಪಿನಲ್ಲಿ ಮಾತ್ರ.

"ಮಗ್ಗದ ಮ್ಯಾಲ ಹಾಸು, ಹಾಸಿನಾಗ ಹೊಕ್ಕು,
ತವರಮನಿ ಹೊಸ್ತಿಲ ಮ್ಯಾಲ ಇನ್ನೂ ಐತಿ ನನ್ನ ಹಕ್ಕು,
ರಾಯಣ್ಣನವರ ಹೆಸರ ಹೇಳೀನಿ, ಕೇಳಿಬಿಡೋ ಅಣ್ಣಾ, ಒಮ್ಮಿ ನಕ್ಕು."

ಪ್ರಭುಲಿಂಗಪ್ಪನವರ ಕೈ ಗಾಳಿಯಲ್ಲಿ ನಿಂತಿತು.

"ಇದು ಅವ್ವ ಅಲ್ಲ," ಎಂದರು.

"ಅಲ್ಲರಿ," ಎಂದರು ಮುಮತಾಜಬಿ.

"ರೇಣುಕಾ. ನಮ್ಮ ರೇಣುಕಾ." ಅವರು ನಿರ್ಮಲಾಳ ಕಡೆ ತಿರುಗಿದರು, ಅವಳಿಗೆ ಲೆಕ್ಕ ಒಪ್ಪಿಸಬೇಕಾದವರಂತೆ. "ನನ್ನ ತಂಗಿ. ನಮ್ಮ ಅಂಗಡ್ಯಾಗ ಅರಿವಿ ಅಳೀತಿದ್ದ ರಾಯಣ್ಣನ ಜೋಡಿ ಹೋದ್ಲು. ಅವನ ಜಾತಿ ಬ್ಯಾರೆ. ಅಪ್ಪ ಅಕಿ ಹೆಸರ ಎತ್ತಬಾರದು ಅಂದ. ಗೋವಾಕ್ಕ ಹೋದ್ರಂತ ಯಾರೋ ಹೇಳಿದ್ರು. ಅಪ್ಪ ಹೋದ ಮ್ಯಾಲೂ ನಾ ಹೆಸರ ಎತ್ತಲಿಲ್ಲ. ರೂಢಿ ಆಗಿಬಿಟ್ಟಿತ್ತು." ಮತ್ತೆ ಮುಮತಾಜಬಿಯ ಕಡೆ. "ಅವ್ವನ ಹಾಡ ಕೇಳಬೇಕಂದವರು ಇಕೀನಾ?"

"ಹೌದ್ರಿ. ಅವ್ವನ ಮಣ್ಣಿಗೆ ಬರಾಕ ಆಗಲಿಲ್ಲಲ್ಲ, ಹಾಡರ ಕೇಳ್ತೀನಿ ಅಂದ್ಲು. ನಮ್ಮನ್ಯಾಗ ಕುಂತು ಕೇಳಿದ್ಲು. ಆಮ್ಯಾಲ ಕಾಸೆಟ್ಟಿನ ಹಿಂದಿನ ಮಗ್ಗಲಿಗೆ ಅಣ್ಣಗ ಒಂದ ಮಾತ ತುಂಬೂಣು ಅಂದ್ರು ನಮ್ಮವರು. ನೂಲ ತುರುಕೂ ಮುಂದ ಕಿಂಡಿ ತಪ್ಪಿತು. ಅವ್ವನ ಮಗ್ಗಲಿಗೇ ತುಂಬಿತು. ಗೊತ್ತಾದ ಮ್ಯಾಲ ಇಬ್ಬರೂ ಅತ್ತರು. ಆದ್ರ ಇವರಂದ್ರು, ಪ್ರಭಣ್ಣ ತಂಗಿ ಧ್ವನಿ ಕೇಳಿದ್ರ ಸಿಟ್ಟ ಇಳೀತೈತಿ, ತಾಯಿ ಬದಲಿಗೆ ತಂಗಿ ಸಿಕ್ಕಂಗ ಆಕ್ಕೈತಿ ಅಂತ."

"ನಾ ಮಗ್ಗ ಕೇಳಿ ಬಂದ್ ಮಾಡಿದೆ."

"ಮೆಟ್ಟಲ ಮ್ಯಾಲ ಒಗದದ್ದು ತಿರಗಿ ನಮ್ಮನಿಗೆ ಬಂತು. ಅಕಿ ಕೇಳಿದ್ಲು, ಅಣ್ಣ ಏನಂದ ಅಂತ. ಇವರಿಗೆ ಸುಳ್ಳ ಹೇಳಾಕ ಬರಲಿಲ್ಲ. ಅಕಿ ಅಂದ್ಲು, ಇದ ಅಣ್ಣನ ಉತ್ತರ, ಸಾಕು. ಇದನ್ನ ಇನ್ಯಾರೂ ಕೇಳಬಾರದು, ಮ್ಯಾಲ ನಿನ್ನ ಹಾಡ ತುಂಬಿಬಿಡು ಕಾಕಾ. ಅಣ್ಣ ತಾನಾಗಿ ಕೇಳಿದ್ರ ಹೊರತು ಬಾಯಿ ಬಿಡಂಗಿಲ್ಲ ಅಂತ ನಮ್ಮಿಬ್ಬರ ಕಡೆ ಮಾತ ತಗೊಂಡ್ಲು."

ಪ್ರಭುಲಿಂಗಪ್ಪ ಮುಮತಾಜಬಿಯ ಎದುರಿಗೆ ಸರಿದು ಕುಳಿತರು.

"ಭಾಬಿ. ರೇಣುಕಾ ಎಲ್ಲಿ ಅದಾಳ?"

ಮುಮತಾಜಬಿ ದೀರ್ಘವಾಗಿ ಉಸಿರುಬಿಟ್ಟರು. ಬಹಳ ವರ್ಷದ ಹೊರೆ ಕೆಳಗಿಟ್ಟವರಂತೆ. ಆಮೇಲೆ ಉತ್ತರವನ್ನು ಅವರಿಗೆ ಕೊಡದೆ ನಿರ್ಮಲಾಳ ಕಡೆ ತಿರುಗಿದರು.

"ಬಾಯಾರ, ಲಕ್ಕಲಕಟ್ಟಿಗೆ ಸಂಜಿ ಬಸ್ಸ ಇನ್ನೂ ಐತೇನ್ರಿ?"

ಅಮಾಸೆಯ ಬುತ್ತಿ. ಬಾಗಿಲ ಹಿಂದಿನ ಸೀಟು. ಎಷ್ಟೋ ಸಲ ತನ್ನ ಕೈಯಿಂದಲೇ ಹರಿದು ಕೊಟ್ಟ ಟಿಕೆಟ್ಟು. ನಿರ್ಮಲಾಳಿಗೆ ಒಮ್ಮೆಲೇ ಎಲ್ಲ ಕೂಡಿ ಬಂತು.

"ಐತ್ರಿ," ಎಂದಳು. "ಲಗೂ ಎದ್ರ ಸಿಗತೈತಿ."

ಪ್ರಭುಲಿಂಗಪ್ಪ ಗೋಡೆ ಹಿಡಿದು ಎದ್ದು ನಿಂತರು. ಮುಮತಾಜಬಿ ಅವರನ್ನು ನೇರವಾಗಿ ನೋಡಿದ್ದು ಆ ದಿನ ಅದೇ ಮೊದಲು.

"ಒಂದ ಮಾತ ತಿಳಕೊಂಡ ಬರ್ರಿ, ಪ್ರಭಣ್ಣಾ. ರಾಯಣ್ಣ ತೀರಿಕೊಂಡ. ಮಳಿಗಾಲಕ್ಕ ಅಕಿಗೆ ಲಕ್ವಾ ಹೊಡೀತು. ಎಲ್ಲಾ ತಿಳೀತೈತಿ, ಬಾಯಿ ಹೊಳ್ಳಂಗಿಲ್ಲ. ದವಾಖಾನ್ಯಾಗ ಇನ್ನ ಮಾತ ಬರೂದ ಕಠಿಣ ಅಂದಾರ. ಒಂದ ದಿನಾ ಗಂಟಲ ಮುಟ್ಟಿ ತೋರಿಸಿ ಅತ್ಲು. ತನ್ನ ಧ್ವನಿ ತನಗ ಮರತೈತಿ ಅಂತ. ಅದಕ್ಕ ನಾ ಕಾಸೆಟ್ಟ ಹೊರಗ ತಗದೆ." ಅವರು ಸುಸ್ಸ್ ಎನ್ನುತ್ತಿದ್ದ ಡೆಕ್ಕಿನ ಮೇಲೆ ಕೈಯಿಟ್ಟರು. "ಅಕಿ ಮಾತಂದ್ರ ಈಗ ಇದಿಷ್ಟ."

ಮುಮತಾಜಬಿ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನಡೆದರು. ನಿರ್ಮಲಾ ಅವರ ಹಿಂದೆಯೇ ಹೋಗಿ, ಹೊಸ್ತಿಲ ಬಳಿ ನಿಂತು, ಹಳೆಯ ಅಭ್ಯಾಸದಿಂದ ಕೇಳಿದಳು:

"ಲಕ್ಕಲಕಟ್ಟಿ, ಎಷ್ಟ ಮಂದಿ?"

ಪ್ರಭುಲಿಂಗಪ್ಪ ತಾಯಿಯ ಫೋಟೊದ ಮುಂದೆ ನಿಂತಿದ್ದರು, ಬೆನ್ನು ಇವರ ಕಡೆಗೆ. ಕೈಯಲ್ಲಿ ಅಂಗಡಿಯಿಂದ ಎತ್ತಿಕೊಂಡು ಬಂದಿದ್ದ ಕೆಂಪು ನೂಲಿನ ಉಂಡೆ. ಹೊರಗೆ ಅಂಗಡಿಯಲ್ಲಿ ಆಳು ಕರೆಯುತ್ತಿದ್ದ, ಗಿರಾಕಿ ಬಂದಾರ್ರೀ ಸಾವ್ಕಾರ್ರ, ಗಾದಿಗೆ ಬರ್ರಿ ಅಂತ.